ದೂರವಿರುವ ಗಂಡ-ಹೆಂಡತಿ: ಸಂಬಂಧ ನಿಜವೆಂದು ಸ್ಪೌಸ್ ವೀಸಾ ಫೈಲ್‌ನಲ್ಲಿ ತೋರಿಸುವುದು ಹೇಗೆ

ಮದುವೆಯಾದ 19ನೇ ದಿನಕ್ಕೆ ನಮ್ಮವರು ಕೆಲಸದ ದೇಶಕ್ಕೆ ವಾಪಸ್ ಹೋದರು. ಆಮೇಲೆ 14 ತಿಂಗಳು ನಮ್ಮ ಸಂಸಾರ ನಡೆದಿದ್ದು ಹೆಚ್ಚುಕಡಿಮೆ ಫೋನಿನಲ್ಲೇ. ಸ್ಪೌಸ್ ವೀಸಾಕ್ಕೆ ಅರ್ಜಿ ಹಾಕುವಾಗ ನಾನು 312 ಪುಟದ ಫೈಲ್ ಮಾಡಿದ್ದೆ. ಸ್ಕ್ರೀನ್‌ಶಾಟ್, ಮದುವೆ ಫೋಟೋ, ಹುಟ್ಟುಹಬ್ಬದ ಕಾರ್ಡ್, ಕೈಗೆ ಸಿಕ್ಕಿದ್ದೆಲ್ಲ ತುಂಬಿದ್ದೆ. ಕೆಲವು ತಿಂಗಳಾದ ಮೇಲೆ ಪತ್ರ ಬಂತು. ಸಂಬಂಧ ನಿಜವಾದದ್ದು, ಈಗಲೂ ನಡೆಯುತ್ತಿದೆ ಎನ್ನುವುದಕ್ಕೆ ಇನ್ನಷ್ಟು ದಾಖಲೆ ಕೊಡಿ ಎಂದಿತ್ತು. ಆ ರಾತ್ರಿ ನಾನು ತುಂಬ ಅತ್ತೆ. ದಿನಕ್ಕೆ ಎರಡು ಸಲ ಮಾತಾಡುವ ಗಂಡನನ್ನು ನನ್ನ ಗಂಡ ಎಂದು ಇನ್ನು ಹೇಗೆ ತೋರಿಸಲಿ?

ಎರಡನೇ ಸಲ ಕಳಿಸಿದ್ದು ಬರೀ 46 ಪುಟ. ವೀಸಾ ಬಂತು. ಆ ಎರಡು ಫೈಲ್‌ಗಳ ನಡುವೆ ನಾನು ಕಲಿತದ್ದು ಇಷ್ಟು: ಪ್ರೀತಿಯ ಮಾತಿಗಿಂತ ಸಂಸಾರದ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಅದನ್ನೂ ಹುಡುಕುವ ಕಷ್ಟ ಕೊಡದೆ ಅಧಿಕಾರಿಯ ಕಣ್ಣಿಗೆ ಬೀಳುವ ಹಾಗೆ ಇಡಬೇಕು.

ಮೊದಲು ನಿಯಮ ಓದಿ. ದೇಶದಿಂದ ದೇಶಕ್ಕೆ ಕೇಳುವ ರೀತಿ ಬೇರೆ. ಬ್ರಿಟನ್‌ನಲ್ಲಿ ಗಂಡ-ಹೆಂಡತಿ ಮುಖಾಮುಖಿ ಭೇಟಿಯಾಗಿರಲೇಬೇಕು, ಸಂಬಂಧ ನಿಜವಾಗಿದ್ದು ಮುಂದುವರಿದಿರಬೇಕು, ಮುಂದೆ ಶಾಶ್ವತವಾಗಿ ಒಟ್ಟಿಗೆ ಬಾಳುವ ಉದ್ದೇಶ ಇರಬೇಕು. ಆಸ್ಟ್ರೇಲಿಯಾ ನಾಲ್ಕು ಕಡೆಯಿಂದ ನೋಡುತ್ತದೆ: ಹಣಕಾಸು, ಮನೆ ನಡೆಸುವ ರೀತಿ, ಜನರ ನಡುವೆ ದಂಪತಿಯಾಗಿ ಗುರುತು, ಪರಸ್ಪರ ಬದ್ಧತೆ. ದೂರ ಇರುವವರಿಗೆ ಅಲ್ಲಿ ಒಂದು ಸಮಾಧಾನ ಇದೆ. ಬೇರೆ ಬೇರೆ ಇದ್ದರೂ ಅದು ಶಾಶ್ವತವಾದ ಬೇರ್ಪಡೆ ಆಗಿರಬಾರದು ಎಂದಷ್ಟೇ ಕಾನೂನು ಹೇಳುತ್ತದೆ. ಕೆನಡಾದಲ್ಲಿ ಐಎಂಎಂ 5532 ಎಂಬ ಫಾರ್ಮ್‌ನಲ್ಲಿ ನಿಮ್ಮ ಪರಿಚಯದಿಂದ ಮದುವೆಯವರೆಗಿನ ಕಥೆಯನ್ನೇ ಕೇಳುತ್ತಾರೆ. ಅಮೆರಿಕದಲ್ಲಿ ಗಂಡ ಅಥವಾ ಹೆಂಡತಿಯನ್ನು ಕರೆಸಿಕೊಳ್ಳಲು ಹಾಕುವ ಐ-130 ಅರ್ಜಿಗೆ ಜಂಟಿ ಆಸ್ತಿ, ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಮಕ್ಕಳಿದ್ದರೆ ಅವರ ಜನನ ಪತ್ರ, ಬಲ್ಲವರ ಅಫಿಡವಿಟ್ ಇಂಥವನ್ನು ಹೇಳುತ್ತಾರೆ. ಹೊಸದಾಗಿ ಮದುವೆಯಾಗಿ ದೂರ ಇರುವವರ ಹತ್ತಿರ ಇದರಲ್ಲಿ ಮುಕ್ಕಾಲು ಪಾಲು ಇರುವುದೇ ಇಲ್ಲ, ಅಲ್ವಾ? ಗಾಬರಿಯಾಗಬೇಡಿ. ಇಲ್ಲದ್ದು ಯಾಕೆ ಇಲ್ಲ ಎಂದು ಒಂದು ಸಾಲು ಬರೆದು, ಇರುವುದನ್ನು ಗಟ್ಟಿ ಮಾಡಿ.

ಫೋನಿನಲ್ಲೋ ವಿಡಿಯೋದಲ್ಲೋ ಮದುವೆಯಾದವರು ಮಾತ್ರ ಇಲ್ಲಿ ಹುಷಾರಾಗಿರಬೇಕು. ಇಬ್ಬರೂ ಒಂದೇ ಕಡೆ ಇಲ್ಲದೆ ಆದ ಮದುವೆಯನ್ನು ಕೆನಡಾ 2015ರಿಂದ ವಲಸೆಗೆ ಒಪ್ಪುವುದಿಲ್ಲ, ಕೆನಡಾದ ಸೇನೆಯಲ್ಲಿರುವವರಿಗೆ ಮಾತ್ರ ವಿನಾಯಿತಿ ಇದೆ. ಅಮೆರಿಕದಲ್ಲೂ ಅಂಥ ಮದುವೆಯ ನಂತರ ಇಬ್ಬರೂ ದಂಪತಿಯಾಗಿ ಕೂಡಿ ಇದ್ದದ್ದು ಗೊತ್ತಾಗಬೇಕು.

ಈಗ ಕೆಲಸ ಶುರು ಮಾಡೋಣ. ಎಲ್ಲಕ್ಕಿಂತ ಮೊದಲು ಒಂದೇ ಒಂದು ಹಾಳೆ ಮಾಡಿ. ಮೂರು ಕಾಲಂ: ತಾರೀಕು, ಏನಾಯಿತು, ಅದರ ದಾಖಲೆ ಯಾವ ಪುಟದಲ್ಲಿದೆ. ಮೊದಲ ಮಾತು, ಮೊದಲ ಭೇಟಿ, ಮದುವೆ, ಅವರು ಹೊರಟ ದಿನ, ನಾನು ಹೋಗಿಬಂದ 23 ದಿನ, ಅರ್ಜಿ ಹಾಕಿದ ದಿನ. ನಮ್ಮದು 17 ಸಾಲಾಯಿತು. ನನ್ನ ಮೊದಲ ಫೈಲ್‌ನಲ್ಲಿ ಇಲ್ಲದೇ ಇದ್ದದ್ದು ಇದೇ. ನನಗೆ ನಮ್ಮ ಕಥೆ ಬಾಯಿಪಾಠ, ಆದರೆ ಅಧಿಕಾರಿಗೆ ನಾವು ಇಬ್ಬರು ಅಪರಿಚಿತರು. ಈ ಹಾಳೆ ಫೈಲ್‌ನ ಮೊದಲ ಪುಟವಾಗಲಿ.

ಈ ಹಾಳೆ ಮಾಡುವಾಗಲೇ ನಮ್ಮ ಫೈಲ್‌ನ ದೊಡ್ಡ ತೂತು ಕಾಣಿಸಿತು. ನಡುವೆ ಏಳು ವಾರ ಮೆಸೇಜ್ ತೀರಾ ಕಡಿಮೆ. ಆಗ ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದರು, ನಾನು ಅಲ್ಲೇ ಮಲಗುತ್ತಿದ್ದೆ, ನಮ್ಮವರು ನನ್ನ ತಮ್ಮನ ಫೋನಿಗೆ ಕರೆ ಮಾಡಿ ಮಾತಾಡುತ್ತಿದ್ದರು. ನನಗೆ ಇದೆಲ್ಲ ಗೊತ್ತು. ಫೈಲ್ ಓದುವವರಿಗೆ ಕಂಡಿದ್ದು ಮಾತ್ರ ಏಳು ವಾರ ಮಾತಿಲ್ಲದ ಗಂಡ-ಹೆಂಡತಿ. ಎರಡನೇ ಸಲ ಡಿಸ್ಚಾರ್ಜ್ ಸಮರಿ, ತಮ್ಮನ ಫೋನಿನ ಕರೆಗಳ ಪಟ್ಟಿ, ನಾಲ್ಕು ಸಾಲಿನ ವಿವರಣೆ ಇಟ್ಟೆ. ನಿಮ್ಮಲ್ಲೂ ಇಂಥ ತೂತು ಇದ್ದರೆ ನೀವೇ ಮೊದಲು ಹೇಳಿಬಿಡಿ.

ಇನ್ನು ಮೆಸೇಜ್‌ಗಳು. ಎಲ್ಲರೂ ಎಡವುವುದು ಇಲ್ಲೇ. 14 ತಿಂಗಳ ಚಾಟ್ ಯಾರೂ ಓದುವುದಿಲ್ಲ. ಕೆನಡಾ ಕೇಳುವ ದಾಖಲೆಗಳ ಪಟ್ಟಿಯಲ್ಲಂತೂ ಮೆಸೇಜ್, ಪತ್ರ ಎಲ್ಲ ಸೇರಿ 10 ಪುಟ, ಫೋಟೋ 20 ಸಾಕು ಎಂದು ಮಿತಿಯನ್ನೇ ಹಾಕಿದ್ದಾರೆ. ನಾನು ಮಾಡಿದ್ದು ಹೀಗೆ: ಪ್ರತಿ ತಿಂಗಳಿಂದ ಒಂದು ದಿನ ಆರಿಸಿದೆ, ಆ ದಿನದ ಮಾತನ್ನು ಪೂರ್ತಿ ಇಟ್ಟೆ. ಮೊದಲ ತಿಂಗಳಿಂದ ಕೊನೆಯ ತಿಂಗಳವರೆಗೆ ಎಲ್ಲೂ ಬಿಟ್ಟುಹೋಗಲಿಲ್ಲ ಎನ್ನುವುದು ಅದರಿಂದಲೇ ಕಾಣುತ್ತದೆ.

ಯಾವ ದಿನ ಆರಿಸುವುದು? ಮೊದಲ ಸಲ ನಾನು 'ಲವ್ ಯೂ', 'ಮಿಸ್ ಯೂ' ಇರುವುದನ್ನೆಲ್ಲ ಹುಡುಕಿ ಇಟ್ಟಿದ್ದೆ. ಅಂಥ ಮಾತನ್ನು ಯಾರು ಯಾರಿಗೆ ಬೇಕಾದರೂ ಟೈಪ್ ಮಾಡಬಹುದು. ಎರಡನೇ ಸಲ ಇಟ್ಟ ಒಂದು ದಿನದ ಮಾತು ನೋಡಿ:

"ಬಾಗಿಲಿನ ಲಾಕ್ ರಿಪೇರಿ ಆಯ್ತು ರೀ. ಎರಡನೇ ಕೀ ನಿಮ್ಮ ಬ್ಯಾಗಲ್ಲೇ ಇದ್ಯಾ?"
"ಇದೆ. ಇನ್ಶೂರೆನ್ಸ್ ಕಂತು 12ನೇ ತಾರೀಕು, ಮರೀಬೇಡ."
"ಕಟ್ಟಾಯ್ತು. ನಿಮ್ಮ ಜ್ವರ ಹೇಗಿದೆ?"
"ಈಗ ಪರವಾಗಿಲ್ಲ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾರೆ."

ನಾಲ್ಕೇ ಸಾಲು. ಅದರಲ್ಲಿ ಒಂದು ಮನೆ ಇದೆ, ಜಂಟಿ ಖರ್ಚು ಇದೆ, ಅತ್ತೆಯ ಜೊತೆ ಸೊಸೆಯ ಮಾತುಕತೆ ಇದೆ, ಕಾಳಜಿ ಇದೆ. ಆ ಇನ್ಶೂರೆನ್ಸ್ ರಸೀದಿಯನ್ನೂ, ಅದೇ ತಿಂಗಳ ತಾರೀಕಿನೊಂದಿಗೆ, ಹಿಂದಿನ ಪುಟದಲ್ಲೇ ಇಟ್ಟೆ. ಮಾತಿನಲ್ಲಿ ಬಂದದ್ದಕ್ಕೆ ಕಾಗದವೂ ಇದ್ದರೆ ಅದಕ್ಕಿಂತ ಗಟ್ಟಿ ಪುರಾವೆ ನನಗೆ ಗೊತ್ತಿಲ್ಲ.

ಕೆಲವು ಸಣ್ಣ ವಿಷಯಗಳಿಗೆ ತುಂಬ ಗಮನ ಕೊಡಿ. ನನ್ನ ಫೋನಿನಲ್ಲಿ ಗಂಡನ ಹೆಸರು 'ನಮ್ಮವರು' ಎಂದು ಸೇವ್ ಆಗಿತ್ತು. ಚಾಟ್ ಎಕ್ಸ್‌ಪೋರ್ಟ್ ಮಾಡಿದಾಗಲೂ ಪ್ರತಿ ಸಾಲಿಗೆ 'ನಮ್ಮವರು' ಎಂದೇ ಬಂತು. ಅದು ಯಾರು ಎಂದು ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆ ಬದಲಿಸಿ, ಆಮೇಲೆ ಎಕ್ಸ್‌ಪೋರ್ಟ್ ಮಾಡಿ. ನಂಬರ್ ಕಾಣುವ ಕಾಂಟ್ಯಾಕ್ಟ್ ಪುಟದ ಸ್ಕ್ರೀನ್‌ಶಾಟ್ ಒಂದು, ಅದೇ ನಂಬರ್ ಅವರ ಹೆಸರಿನಲ್ಲಿದೆ ಎನ್ನುವ ಫೋನ್ ಬಿಲ್ ಒಂದು, ಎರಡನ್ನೂ ಜೊತೆಗೆ ಇಡಿ. ಸ್ಕ್ರೀನ್‌ಶಾಟ್ ತೆಗೆಯುವಾಗ ತಾರೀಕಿನ ಪಟ್ಟಿ ಕಾಣುವವರೆಗೆ ಮೇಲೆ ಸರಿಸಿ. ಗಂಟೆ ಮಾತ್ರ ಇದ್ದು ದಿನ ಇಲ್ಲದ ಸ್ಕ್ರೀನ್‌ಶಾಟ್‌ಗೆ ಬೆಲೆ ಇಲ್ಲ. ಇಬ್ಬರ ಫೋನಿನಿಂದಲೂ ಪುಟ ಇಟ್ಟರೆ ಒಂದೇ ಮೆಸೇಜ್‌ಗೆ ಎರಡು ಬೇರೆ ಸಮಯ ಕಾಣುತ್ತದೆ, ಏಕೆಂದರೆ ಪ್ರತಿ ಫೋನ್ ತಾನಿರುವ ಊರಿನ ಗಂಟೆ ತೋರಿಸುತ್ತದೆ. ಮೇಲ್ಗಡೆ ಯಾವ ದೇಶದ ಸಮಯ ಎಂದು ಬರೆದುಬಿಡಿ. ವಾಟ್ಸಾಪ್‌ನಲ್ಲಿ ಮೆಸೇಜ್ ತಾನಾಗಿಯೇ ಅಳಿಸಿಹೋಗುವ ಸೆಟ್ಟಿಂಗ್ ಆನ್ ಆಗಿದ್ದರೆ ಇವತ್ತೇ ಆಫ್ ಮಾಡಿ. ಫೋನ್ ಬದಲಿಸುವ ಮೊದಲು ಬ್ಯಾಕಪ್ ತೆಗೆಯಿರಿ. ಮದುವೆಗೆ ಮುಂಚಿನ ನಮ್ಮ ಐದು ತಿಂಗಳ ಚಾಟ್ ಹಳೇ ಫೋನಿನ ಜೊತೆಗೇ ಹೋಯಿತು. ಆ ನಷ್ಟ ನನಗೆ ಇವತ್ತಿಗೂ ಸಂಕಟ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ನಾವೆಲ್ಲ. ಅದೂ ಅನುವಾದ ಆಗಬೇಕು. ನೀವೇ ಅನುವಾದ ಮಾಡಬೇಡಿ. ಅರ್ಜಿದಾರರಾಗಲಿ ಮನೆಯವರಾಗಲಿ ಮಾಡಿದ ಅನುವಾದವನ್ನು ಕೆನಡಾ ಒಪ್ಪುವುದಿಲ್ಲ. ಬ್ರಿಟನ್‌ಗೆ ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ, ಅನುವಾದ ಸರಿಯಾಗಿದೆ ಎಂಬ ಮಾತು ಇಷ್ಟೂ ಬೇಕು. ಅಮೆರಿಕಕ್ಕೆ ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಬರೆದುಕೊಡಬೇಕು. ಪುಟಕ್ಕೆ ಇಷ್ಟು ಎಂದು ದುಡ್ಡು ಕೊಡುವಾಗ 10 ಪುಟ ಆರಿಸುವುದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ತೀರಾ ಖಾಸಗಿ ಮಾತು ನಡುವೆ ಬಂದರೆ ಕಪ್ಪು ಪಟ್ಟಿ ಹಾಕಿ, 'ಖಾಸಗಿ' ಎಂದು ಬರೆಯಿರಿ. ಖಾಸಗಿ ಚಿತ್ರಗಳನ್ನಂತೂ ಕಳಿಸಲೇಬೇಡಿ, ಯಾರೂ ಅದನ್ನು ಕೇಳುವುದಿಲ್ಲ.

ಫೋಟೋ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದೇ ದಿನದ 20 ಫೋಟೋಗಿಂತ ಆರು ಬೇರೆ ಬೇರೆ ದಿನದ ಆರು ಫೋಟೋ ಒಳ್ಳೆಯದು. ಇಬ್ಬರೇ ಇರುವುದಕ್ಕಿಂತ ಎರಡೂ ಮನೆಯವರು, ಗೆಳೆಯರು ಇರುವುದು ಇನ್ನೂ ಒಳ್ಳೆಯದು. ಪ್ರತಿ ಫೋಟೋ ಕೆಳಗೆ ಯಾವಾಗ, ಎಲ್ಲಿ, ಯಾರ್‍ಯಾರು ಎಂದು ಬರೆಯಿರಿ. ಮೂಲ ಫೈಲ್ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ತಾರೀಕು, ಜಾಗದ ಮಾಹಿತಿ ಉಳಿಯುವುದಿಲ್ಲ.

ಭೇಟಿಗೆ ಹೋಗಿಬಂದದ್ದಕ್ಕೆ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಸೀಲ್ ಮೂರರಲ್ಲಿ ಇರುವುದನ್ನೆಲ್ಲ ಇಡಿ. ಬೋರ್ಡಿಂಗ್ ಪಾಸ್ ಥರ್ಮಲ್ ಕಾಗದದ್ದಾದರೆ ಅಕ್ಷರ ಮಾಸಿಹೋಗುತ್ತದೆ. ನನ್ನದು ಪರ್ಸ್‌ನಲ್ಲೇ ಇತ್ತು, ತೆಗೆದು ನೋಡಿದರೆ ಬರೀ ಬಿಳಿ ಚೀಟಿ. ವಿಮಾನ ಇಳಿದ ದಿನವೇ ಫೋಟೋ ತೆಗೆದಿಡಿ. ಈಗ ಅನೇಕ ಕಡೆ ಪಾಸ್‌ಪೋರ್ಟ್‌ಗೆ ಸೀಲ್ ಹಾಕುವುದೇ ಇಲ್ಲ, ಹಾಗಾಗಿ ಈ ಚೀಟಿ ಇನ್ನೂ ಮುಖ್ಯ.

ಹಣದ ವಿಷಯದಲ್ಲಿ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ನಡೆದುಬಂದದ್ದು ಮುಖ್ಯ. ಅರ್ಜಿಗೆ ಹದಿನೈದು ದಿನ ಮುಂಚೆ ತೆರೆದ ಜಂಟಿ ಖಾತೆ ಯಾರ ಕಣ್ಣಿಗೂ ಸರಿ ಕಾಣುವುದಿಲ್ಲ. ಎರಡು ದೇಶದಲ್ಲಿ ಇರುವಾಗ ಜಂಟಿ ಖಾತೆ ಕಷ್ಟವೂ ಹೌದು. ನಾವು ಇಟ್ಟಿದ್ದು ಅವರು ಕಳಿಸಿದ ಹಣದ ರಸೀದಿ, ಅವರ ವಿಮೆಯಲ್ಲಿ ನಾಮಿನಿ ನಾನು ಎನ್ನುವ ಪುಟ, ಅವರ ಕಚೇರಿಯ ದಾಖಲೆಯಲ್ಲಿ ತುರ್ತು ಸಂಪರ್ಕಕ್ಕೆ ನನ್ನ ಹೆಸರು ಇರುವುದು. ಈ ಕೊನೆಯದು ಸಲೀಸಾಗಿ ಸಿಗುತ್ತದೆ, ಆದರೆ ತುಂಬ ಜನಕ್ಕೆ ನೆನಪೇ ಆಗುವುದಿಲ್ಲ.

ಆಮೇಲೆ ಇಬ್ಬರೂ ಒಂದೊಂದು ಪತ್ರ ಬರೆಯಿರಿ. ಎರಡು ಪುಟ ಸಾಕು. ಹೇಗೆ ಪರಿಚಯ, ಯಾಕೆ ಮದುವೆ, ಯಾಕೆ ಈಗ ದೂರ, ದೂರ ಇದ್ದು ಸಂಸಾರ ಹೇಗೆ ಸಾಗಿದೆ, ವೀಸಾ ಬಂದ ಮೇಲೆ ಎಲ್ಲಿ ಇರುತ್ತೀರಿ. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯಬೇಡಿ, ಮಾತು ಒಂದೇ ಅಚ್ಚಾಗಿಬಿಡುತ್ತದೆ. ಬರೆದಾದ ಮೇಲೆ ತಾರೀಕುಗಳನ್ನು ಮಾತ್ರ ತಾಳೆ ನೋಡಿ. ನಮ್ಮ ಪರಿಚಯದ ದಿನಕ್ಕೆ ಅವರು ಮೊದಲ ಮೆಸೇಜ್ ಲೆಕ್ಕ ಹಿಡಿದಿದ್ದರು, ನಾನು ಮೊದಲ ಫೋನ್ ಕರೆ. 11 ದಿನ ವ್ಯತ್ಯಾಸ. ಇಬ್ಬರದ್ದೂ ನಿಜವೇ. ಆದರೆ ಕಾಗದದ ಮೇಲೆ ಅದು ಸುಳ್ಳಿನ ಹಾಗೆ ಕಾಣುತ್ತದೆ. 'ಮೊದಲ ಮೆಸೇಜ್ ಈ ದಿನ, ಮೊದಲ ಕರೆ ಈ ದಿನ' ಎಂದು ಇಬ್ಬರೂ ಬಿಡಿಸಿ ಬರೆದೆವು.

ಬಲ್ಲವರ ಪತ್ರ ಎರಡು ಮೂರು ಇದ್ದರೆ ಸಾಕು. ಆಸ್ಟ್ರೇಲಿಯಾಗೆ ಇದಕ್ಕೆ ಅಂತಲೇ ಫಾರ್ಮ್ 888 ಇದೆ. 'ಒಳ್ಳೆಯ ಜೋಡಿ' ಎಂದು ಹೊಗಳಿದರೆ ಪ್ರಯೋಜನ ಇಲ್ಲ. ಕಣ್ಣಾರೆ ಕಂಡದ್ದನ್ನು ಬರೆಯಲು ಹೇಳಿ. ನನ್ನ ಗೆಳತಿ ಬರೆದಿದ್ದು: ರಾತ್ರಿ ಇವಳು ನಮ್ಮ ಮನೆಯಲ್ಲಿ ಉಳಿದಾಗ ಇವಳ ಫೋನ್ ಮೇಜಿನ ಮೇಲೆ ಒರಗಿಸಿಟ್ಟಿತ್ತು, ವಿಡಿಯೋದಲ್ಲಿ ಗಂಡ ಬಟ್ಟೆ ಮಡಚುತ್ತಿದ್ದರು, ಇಬ್ಬರೂ ಗಂಟೆಗಟ್ಟಲೆ ಹಾಗೇ ಇದ್ದರು. ನಾನು ಬರೆದ ಎರಡು ಪುಟಕ್ಕಿಂತ ಆ ಮೂರು ಸಾಲು ಹೆಚ್ಚು ಹೇಳುತ್ತವೆ.

ಮುಚ್ಚಿಡಬೇಕು ಅನಿಸುವ ವಿಷಯ ಇದ್ದರೆ ಅದನ್ನೇ ಮೊದಲು ಬರೆಯಿರಿ. ಹಿಂದಿನ ಮದುವೆ, ವಯಸ್ಸಿನ ಅಂತರ, ಬೇಗ ಆದ ಮದುವೆ, ಹಿಂದೆ ತಿರಸ್ಕಾರವಾದ ವೀಸಾ. ಹಳೇ ವೀಸಾ ಫಾರ್ಮ್‌ಗಳಲ್ಲಿ ಬರೆದದ್ದಕ್ಕೂ ಈಗ ಬರೆಯುವುದಕ್ಕೂ ಹೊಂದಬೇಕು. ಫೈಲ್ ದುರ್ಬಲ ಅನಿಸಿ ಒಂದು ತಾರೀಕು ತಿದ್ದುವ, ಒಂದು ರಸೀದಿ ಮಾಡಿಸುವ ಆಸೆ ಬಂದರೆ ದಯವಿಟ್ಟು ಬೇಡ. ಸುಳ್ಳು ಮಾಹಿತಿಗೆ ಕೆನಡಾದಲ್ಲಿ 5 ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್‌ನಲ್ಲಿ ವಂಚನೆ ಎಂದಾದರೆ 10 ವರ್ಷದವರೆಗೂ ತೊಂದರೆ. ನಿಜವಾದ ಮದುವೆಯೂ ಅದರ ಜೊತೆ ಮುಳುಗುತ್ತದೆ.

ಇಂಟರ್ವ್ಯೂ ಇದ್ದರೆ ಉತ್ತರ ಉರು ಹೊಡೆಯಬೇಡಿ. ಗಂಡನ ಕೆಲಸದ ಸಮಯ ಏನು, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಕೊನೆಯ ಸಲ ಯಾವ ವಿಷಯಕ್ಕೆ ಜಗಳ ಆಯಿತು, ಇಂಥವು ಬರಬಹುದು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ಹಿಂದಿನ ದಿನ ನಿಮ್ಮ ತಾರೀಕಿನ ಹಾಳೆಯನ್ನು ಒಂದು ಸಲ ಓದಿ ಮಲಗಿ.

ವೀಸಾ ಬಂತು ಎಂದು ಫೋಲ್ಡರ್ ಅಳಿಸಬೇಡಿ. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಯಾಗಿ 2 ವರ್ಷ ಆಗಿರದಿದ್ದರೆ ಮೊದಲು ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಕೊನೆಯ 90 ದಿನದೊಳಗೆ ಷರತ್ತು ತೆಗೆಸುವ ಐ-751 ಅರ್ಜಿ ಹಾಕಿ, ಸಂಬಂಧ ನಿಜ ಎಂದು ಮತ್ತೆ ತೋರಿಸಬೇಕು. ಹೊರದೇಶದಿಂದ ಬ್ರಿಟನ್‌ಗೆ ಹೋಗುವವರಿಗೆ ಮೊದಲ ಸಲ ಸಿಗುವುದು 33 ತಿಂಗಳು, ಆಮೇಲೆ ಮುಂದುವರಿಸಲು ಮತ್ತೆ ದಾಖಲೆ. ಆಸ್ಟ್ರೇಲಿಯಾದಲ್ಲೂ 309 ಎಂಬ ತಾತ್ಕಾಲಿಕ ವೀಸಾ ಆದ ಮೇಲೆ 100 ಎಂಬ ಶಾಶ್ವತ ವೀಸಾಕ್ಕೆ ಇನ್ನೊಂದು ಸುತ್ತು. ನಾನು ಗಂಡನ ಮನೆಗೆ ಬಂದ ಮೊದಲ ವಾರವೇ ಬಾಡಿಗೆ ಕರಾರಿಗೆ ನನ್ನ ಹೆಸರು ಸೇರಿಸಿದೆವು. ಅದರ ಪಿಡಿಎಫ್ ಅದೇ ಫೋಲ್ಡರ್‌ನಲ್ಲಿ 47ನೇ ಪುಟವಾಗಿ ಇದೆ.