37 ಸಿಕ್ಕಿದರೆ ಗೆದ್ದ ಹಾಗೆ: ಟ್ಯೂಷನ್‌ನಲ್ಲಿ ನಾನು ಆಡಿಸುವ ಆಟ

ಆರನೇ ಕ್ಲಾಸಿಗೆ ಅವಿಭಾಜ್ಯ ಸಂಖ್ಯೆ (1ಕ್ಕಿಂತ ದೊಡ್ಡದು, 1 ಮತ್ತು ತನ್ನಿಂದ ಮಾತ್ರ ಭಾಗವಾಗುವುದು) ಹೇಳಿಕೊಡುವವರಿಗೆಲ್ಲ ಈ ಕಾಟ ಗೊತ್ತು. ನೂರರ ಚೌಕ ಬರೆಸಿ, ಮಗ್ಗಿಯಲ್ಲಿ ಬರುವುದನ್ನೆಲ್ಲ ಹೊಡೆದು ಹಾಕುವ ಎರಟೋಸ್ತನೀಸನ ಜರಡಿ ಹಿಡಿಸಿ, 25 ಸಂಖ್ಯೆಗೆ ಬಣ್ಣ ಹಚ್ಚಿಸುತ್ತೇವೆ. ಮುಂದಿನ ವಾರ ಕೇಳಿದರೆ 91 ಅವಿಭಾಜ್ಯ ಅನ್ನುತ್ತಾರೆ. 7×13 ಯಾರಿಗೂ ಹೊಳೆಯಲ್ಲ.

ಬೆಂಗಳೂರಿನ ಶ್ರೀನಗರದಲ್ಲಿ ಮನೆ ಮಹಡಿ ಮೇಲೆ ಸಂಜೆ ಟ್ಯೂಷನ್ ನಡೆಸುತ್ತೇನೆ. ಮೊದಲು ಅವೆನ್ಯೂ ರೋಡಿಗೆ ಹೋಗಿ ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಸಾವಿರದ ಇನ್ನೂರೋ ಮುನ್ನೂರೋ ಹೋಯಿತು. ಸ್ವಲ್ಪ ದಿನಕ್ಕೇ ಮೂಲೆಯೆಲ್ಲ ಕಿತ್ತು ಬಂತು. ಆಮೇಲೆ ಗೋಡೆಗೊಂದು ಫ್ಲೆಕ್ಸ್, ಅದಕ್ಕೂ ನಾನೂರರ ಹತ್ತಿರ. ಅದನ್ನು ಯಾರೂ ತಿರುಗಿಯೂ ನೋಡಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಇನ್ನೂರು ರೂಪಾಯಿ ಒಳಗಿನ ತಂಬೋಲ ಡಬ್ಬಿ, 1ರಿಂದ 90ರ ಕಾಯಿನ್ ಇರುವಂಥದ್ದು. ಆಟ ನನ್ನದಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾ ಹತ್ತಿರದ ಜೂನಿಪರ್ ಗ್ರೀನ್ ಶಾಲೆಯ ಮೇಷ್ಟ್ರು ರಿಚರ್ಡ್ ಪೋರ್ಟಿಯಸ್ ಮಾಡಿದ್ದು. 1997ರಲ್ಲಿ ಇಯಾನ್ ಸ್ಟೀವರ್ಟ್ ಇದರ ಬಗ್ಗೆ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದಿದ್ದರು. ತಂಬೋಲ ಕಾಯಿನ್ ಮಾತ್ರ ನನ್ನ ತಲೆ. ಎತ್ತಿಟ್ಟ ಕಾಯಿನ್ ಮತ್ತೆ ಬರಲ್ಲ, ಹಾಗಾಗಿ ಜಗಳ ಕಮ್ಮಿ. 6ಕ್ಕೂ 9ಕ್ಕೂ ಕೆಳಗೆ ಗೆರೆ ಎಳೆಯಿರಿ, ಇಲ್ಲದಿದ್ದರೆ ಅದೇ ದೊಡ್ಡ ರಾಮಾಯಣ.

1ರಿಂದ 40ರ ಕಾಯಿನ್ ಹರಡಿ. ಮೊದಲನೆಯವರು ಒಂದು ಸಮ ಸಂಖ್ಯೆ ಎತ್ತಬೇಕು. ಎದುರಿನವರು ಅದರ ಅಪವರ್ತನವನ್ನೋ (ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ) ಅಪವರ್ತ್ಯವನ್ನೋ (ಅದರ ಮಗ್ಗಿಯಲ್ಲಿ ಬರುವ ಸಂಖ್ಯೆ) ಎತ್ತಬೇಕು. ಹೀಗೇ ಒಬ್ಬರಾದ ಮೇಲೆ ಒಬ್ಬರು. ಎತ್ತಲು ಏನೂ ಸಿಗದವರು ಸೋತರು.

"ಆಟ ಆಡಿಸೋಕಾ ಮೇಡಂ ಫೀಸ್ ತಗೊಳ್ಳೋದು?" ಅಂತ ಒಬ್ಬರು ತಂದೆ ಕೇಳಿಯೇಬಿಟ್ಟರು. ಪಕ್ಕದ ಬೀದಿಯಲ್ಲಿ ಟ್ಯೂಷನ್ ಮಾಡುವ ಗೆಳತಿಯೂ ನಕ್ಕಳು. ನಾನು ಬಿಡಲಿಲ್ಲ.

ಸಮ ಸಂಖ್ಯೆಯಿಂದಲೇ ಯಾಕೆ ಶುರು ಅಂತ ಹೇಳಲಿಲ್ಲ. ಸುಮ್ನೆ ಆ ನಿಯಮ ತೆಗೆದು ಆಡಿಸಿದೆ. ಒಬ್ಬಳು 37 ಎತ್ತಿದಳು. ಎದುರಿನವಳಿಗೆ 1 ಬಿಟ್ಟು ಗತಿಯಿಲ್ಲ. ಮೊದಲಿನವಳು 31 ಎತ್ತಿದಳು, ಅದಕ್ಕಿದ್ದ 1 ಆಗಲೇ ಹೋಗಿತ್ತು, ಮುಗೀತು. "ಮಿಸ್, ಇದು ಮೋಸ!" ಅಂತ ನಿಯಮವನ್ನು ಅವರೇ ವಾಪಸ್ ಕೇಳಿದರು. 1 ಮುಟ್ಟಿದವರು ಕೆಟ್ಟರು, 23, 29, 31, 37 ಬ್ರಹ್ಮಾಸ್ತ್ರ ಅಂತ ಕಂಡುಕೊಳ್ಳಲು ಒಂದು ವಾರವೂ ಬೇಕಾಗಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು 39. ಎದುರಿನವನು 1 ಎತ್ತಿದ್ದೇ ತಡ, ಹುಡುಗನೊಬ್ಬ ಅವಿಭಾಜ್ಯ ಅಂದುಕೊಂಡು 39 ತೆಗೆದು ಟೇಬಲ್ ಮೇಲೆ ಬಡಿದ. ಆ ಕಡೆಯವನು ನಿಧಾನಕ್ಕೆ 13 ಎತ್ತಿದ. 26 ಮೊದಲೇ ಹೋಗಿತ್ತು. ಇವನ ಮುಖ ನೋಡಬೇಕಿತ್ತು! ಈಗ ಆ ಹುಡುಗ 51, 57, 91 ಯಾವುದಕ್ಕೂ ಮೋಸ ಹೋಗಲ್ಲ.

ನಡುವೆ ಬಸ್ ನಂಬರ್ ಕೂಡ ಹಿಡಿಸಿದೆ. 201 ಅವಿಭಾಜ್ಯ ಅಂತ ಪಂದ್ಯ ಕಟ್ಟಿದವರೇ ಎಲ್ಲ. ಅದು 3×67. 335ಇ ಬಸ್ಸಿನ 335 ನೋಡಿದರೆ 5×67, ಅಲ್ಲೂ ಅದೇ 67! 401 ಮಾತ್ರ ನಿಜವಾದ ಅವಿಭಾಜ್ಯ.

90 ಕಾಯಿನ್ ಪೂರ್ತಿ ಹರಡಿಯೂ ನೋಡಿದೆ. ಮುಗಿಯೋದೇ ಇಲ್ಲ, ಮಕ್ಕಳು ಆಕಳಿಸುತ್ತಾರೆ. ಏಳನೇ ಕ್ಲಾಸಿಗೆ 60 ಸಾಕು. 40ರ ಆಟದಲ್ಲಿ ಯಾರಾದರೂ 38ರಿಂದ ಶುರು ಮಾಡಿದರೆ 19 ಎತ್ತಿ, 34ಕ್ಕೆ 17 ಎತ್ತಿ. ಅವರು 1 ಮುಟ್ಟಲೇಬೇಕು. ನಾನು ಯಾವುದರಿಂದ ಶುರು ಮಾಡುತ್ತೇನೆ ಅಂತ ಮಾತ್ರ ಕೇಳಬೇಡಿ. ಮಕ್ಕಳಿಗೇ ಇನ್ನೂ ಹೇಳಿಲ್ಲ.