ಕೊಡುವ ಮೊದಲು ವಿಷಲ್ ಹುಡುಕಿ

ಹೋದ ದೀಪಾವಳಿಗೆ ಮನೆ ಕ್ಲೀನ್ ಮಾಡುವಾಗ ಅಟ್ಟದಿಂದ ಐದು ಲೀಟರಿನ ಹಳೇ ಕುಕ್ಕರ್ ಇಳಿಯಿತು. ಅನ್ನ ಮುದ್ದೆ ಮಾಡುತ್ತೆ ಅಂತ ನಾನೇ ಮೂಲೆಗೆ ಹಾಕಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹೆಂಡತಿಗೆ ಕೊಟ್ಟೆ. ಎರಡು ದಿನ ನನ್ನ ಬಗ್ಗೆ ನನಗೇ ಹೆಮ್ಮೆ. ಮೂರನೇ ದಿನ ಅವಳು ಬಾಗಿಲಿಗೆ ಬಂದಳು. "ಅಕ್ಕಾ, ಅದರ ವಿಷಲ್ ಎಲ್ಲಾದ್ರೂ ಇದೆಯಾ?"

ವಿಷಲ್ ಇರಲಿಲ್ಲ. ಗ್ಯಾಸ್ಕೆಟ್ಟೂ ಇರಲಿಲ್ಲ. ಪಾಪ, ಅವಳು ಅದರಲ್ಲಿ ನೀರು ತುಂಬಿಡುತ್ತಿದ್ದಳು.

ಇಂಥ ಎಡವಟ್ಟು ನಾನೊಬ್ಬಳೇ ಮಾಡುವುದಲ್ಲ. ಮುಚ್ಚಳವಿಲ್ಲದ ಮಿಕ್ಸಿ ಜಾರು, ಲಾಡಿ ಕಿತ್ತುಹೋದ ಸಲ್ವಾರು, ಒಂಟಿ ಶೂ ಕೊಟ್ಟು ಖುಷಿಪಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಈ ಪಾಠ.

ಹಂತ 1: ತೆಗೆಯುವುದು

ಒಂದು ಸಲಕ್ಕೆ ಒಂದೇ ಕಪಾಟು. ಒಂದು ವರ್ಷ ಮುಟ್ಟದ ಸಾಮಾನು ಹೊರಗೆ. ರೇಷ್ಮೆ ಸೀರೆಗೆ ಈ ಲೆಕ್ಕ ಬೇಡ. ಗಂಡನ ವಸ್ತು ಗಂಡನನ್ನು ಕೇಳಿಯೇ ಕೊಡಿ. ನಾನು ಕೇಳದೆ ಕೊಟ್ಟ ಒಂದು ಸ್ವೆಟರಿನ ಮಾತು ನಮ್ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಅಂದಹಾಗೆ, ಗಾಳಿ ಎಳೆದು ಬಟ್ಟೆಯನ್ನು ಹಪ್ಪಳ ಮಾಡುವ ಪ್ಲಾಸ್ಟಿಕ್ ಚೀಲ ತಂದು 'ಜಾಗ ಆಯ್ತಲ್ಲ, ಇರಲಿ ಬಿಡು' ಅನ್ನಬೇಡಿ. ನಾನು ತಂದ ನಾಲ್ಕೂ ವಾರದೊಳಗೆ ಮತ್ತೆ ಉಬ್ಬಿ ಕೂತವು.

ಹಂತ 2: ಸರಿಮಾಡುವುದು

ಎಲ್ಲರೂ ಹಾರಿಸುವ ಹಂತ ಇದೇ. ತೆಗೆದುಕೊಂಡವರು ಅವತ್ತೇ ಬಳಸುವಂತಿರಬೇಕು. ಅವರ ಕೈಯಿಂದ ಒಂದು ರೂಪಾಯಿ ಖರ್ಚಾಗಬಾರದು.

ಕುಕ್ಕರ್ ಆದರೆ ಮುಚ್ಚಳವನ್ನೇ ಚೀಲಕ್ಕೆ ಹಾಕಿಕೊಂಡು ಪಾತ್ರೆ ರಿಪೇರಿ ಅಂಗಡಿಗೆ ಹೋಗಿ. ಬರೀ 'ಐದು ಲೀಟರಿಂದು' ಅಂದರೆ ಸಾಲದು. ಕಂಪನಿಯಿಂದ ಕಂಪನಿಗೆ ಗ್ಯಾಸ್ಕೆಟ್ ಅಳತೆ ಬೇರೆ. ಕುಕ್ಕರ್ ಯಾವ ಕಂಪನಿಯದೋ ಅದೇ ಕಂಪನಿಯ ಗ್ಯಾಸ್ಕೆಟ್, ವಿಷಲ್, ಸೇಫ್ಟಿ ವಾಲ್ವ್ ಹಾಕಿಸಿ. ಡೂಪ್ಲಿಕೇಟ್ ಗ್ಯಾಸ್ಕೆಟ್ ಬೇಡವೇ ಬೇಡ, ಬೇಳೆಗೆಲ್ಲ ರಬ್ಬರ್ ವಾಸನೆ. ಮನೆಗೆ ತಂದು ಎರಡು ಲೋಟ ನೀರು ಹಾಕಿ ಒಲೆಗಿಡಿ. ವಿಷಲ್ ಸರಿಯಾಗಿ ಕೂಗಬೇಕು, ಮುಚ್ಚಳದ ಅಂಚಿನಿಂದ ಹಬೆ ಬರಬಾರದು. ತಳ ಉಬ್ಬಿದ್ದರೆ, ಮುಚ್ಚಳ ಸೊಟ್ಟಗಾಗಿದ್ದರೆ ಯಾರಿಗೂ ಕೊಡಬೇಡಿ. ಅದು ಗುಜರಿಗೆ, ತೂಕಕ್ಕೆ.

ಬಟ್ಟೆ ಒಗೆದು, ಬಿಸಿಲಿಗೆ ಹಾಕಿ. ನುಸಿಗುಳಿಗೆ ವಾಸನೆ ಹೋಗಲು ಎರಡು ದಿನವಾದರೂ ಬೇಕು. ಆಮೇಲೆ ಒಂದೊಂದನ್ನೇ ಎತ್ತಿ ನೋಡಿ. ಲಾಡಿ ಇಲ್ಲದಿದ್ದರೆ ಹೊಸದು ಪೋಣಿಸಿ, ಸೇಫ್ಟಿ ಪಿನ್ನಿದ್ದರೆ ಎರಡು ನಿಮಿಷದ ಕೆಲಸ. ಜಿಪ್ ಹಿಡಿಯುತ್ತಿದ್ದರೆ ಮೇಣದಬತ್ತಿ ಉಜ್ಜಿ. ಸೀರೆ ಜೊತೆ ಬ್ಲೌಸೂ ಇಡಿ. 'ಅವರ ಅಳತೆ ಬೇರೆ' ಅನ್ನಬೇಡಿ, ಒಳಗೆ ಬಿಟ್ಟಿರುವ ಬಟ್ಟೆ ಬಿಚ್ಚಿದರೆ ಬ್ಲೌಸ್ ಸಡಿಲವಾಗುತ್ತದೆ. ಒಳ ಉಡುಪು ಕೊಡಬೇಡಿ, ಇದರಲ್ಲಿ ಚರ್ಚೆ ಇಲ್ಲ. ಹರಿದ ಹತ್ತಿ ಸೀರೆ ದಾನಕ್ಕಲ್ಲ, ಕೌದಿಗೆ. ಧಾರವಾಡ, ಬಾಗಲಕೋಟೆ ಕಡೆಯವರು ಪಕ್ಕದಲ್ಲಿದ್ದರೆ ಹೊಲಿಯುವವರು ಯಾರು ಅಂತ ಅವರನ್ನೇ ಕೇಳಿ.

ಫೋನ್ ಕೊಡುವಾಗ ಸುಮ್ನೆ ರೀಸೆಟ್ ಹೊಡೆದರೆ ಆಗದು. ಮೊದಲು ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಗೂಗಲ್ ಖಾತೆ ತೆಗೆಯಿರಿ, ಆಮೇಲೆ ರೀಸೆಟ್. ಹಾಗೆ ಮಾಡದಿದ್ದರೆ ಆನ್ ಆದಾಗ ನಿಮ್ಮ ಪಾಸ್‌ವರ್ಡನ್ನೇ ಕೇಳುತ್ತಾ ಕೂರಬಹುದು. ಚಾರ್ಜರ್ ಮರೆಯಬೇಡಿ.

ಹಂತ 3: ಕೇಳುವುದು

"ಇದು ನಿಮಗೆ ಬೇಕಾ?" ಅಷ್ಟೇ. ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ.

ಕೇಳದೆ ಕಳಿಸಿದರೆ ಏನಾಗುತ್ತದೆ ಅಂತ 2004ರ ಸುನಾಮಿ ಆದಮೇಲೆ ಎಲ್ಲರೂ ನೋಡಿದರು. ದೇಶದ ಮೂಲೆ ಮೂಲೆಯಿಂದ ಹೋದ ಹಳೇ ಬಟ್ಟೆ ತಮಿಳುನಾಡಿನ ಕರಾವಳಿಯ ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಅಂಶು ಗುಪ್ತಾ 1999ರಲ್ಲಿ ಶುರುಮಾಡಿದ ಗೂಂಜ್ ಸಂಸ್ಥೆಯ ರೀತಿ ನನಗೆ ಇಷ್ಟವಾಗುವುದು ಇದಕ್ಕೇ. ಊರಿನವರು ತಮಗೆ ಬೇಕಾದ ಕೆಲಸವನ್ನು ತಾವೇ ಆರಿಸಿಕೊಂಡು, ಬಾವಿ ತೋಡಿಯೋ ದಾರಿ ಸರಿಮಾಡಿಯೋ, ಆ ದುಡಿಮೆಗೆ ಬಟ್ಟೆ ಪಡೆಯುತ್ತಾರೆ. ಯಾರೂ ಕೈಚಾಚಬೇಕಿಲ್ಲ.

ಕಾಲವೂ ನೋಡಿ. ಕಂಬಳಿ ನವೆಂಬರಿನಲ್ಲಿ, ಸ್ಕೂಲ್ ಬ್ಯಾಗು ಮೇ ತಿಂಗಳಲ್ಲಿ. ಅಕ್ಟೋಬರ್ 2ರಿಂದ ದಾನ್ ಉತ್ಸವದ ವಾರ. ಅದು 2009ರಿಂದ ನಡೆಯುತ್ತಿದೆ. ಆಗ ಅಪಾರ್ಟ್‌ಮೆಂಟಿನಲ್ಲಿ ಡಬ್ಬ ಇಟ್ಟರೆ, ಹಂತ 2 ಮುಗಿಸಿದ್ದನ್ನು ಮಾತ್ರ ಅದರಲ್ಲಿ ಹಾಕಿ.

ಹಂತ 4: ಕಟ್ಟುವುದು, ಕೊಡುವುದು

ಶೂ ಎರಡರ ಲೇಸೂ ಸೇರಿಸಿ ಗಂಟು ಹಾಕಿ. ಕಪ್ಪು ಕವರ್ ಬೇಡ, ಕಸ ಅಂದುಕೊಂಡು ಗಾಡಿಗೆ ಎಸೆಯುತ್ತಾರೆ. ಬಟ್ಟೆ ಅಂಗಡಿಯ ಚೀಲ ಮನೆ ತುಂಬಾ ಇರುತ್ತವಲ್ಲ, ಅದು ಸಾಕು. ನಮ್ಮತ್ತೆ ಶುಕ್ರವಾರ ಏನೂ ಹೊರಗೆ ಕೊಡಲು ಬಿಡುವುದಿಲ್ಲ, ದೀಪ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ. ಜಗಳ ಯಾಕೆ, ಭಾನುವಾರ ಬೆಳಗ್ಗೆ ಕೊಡಿ. ಅವರ ಇನ್ನೊಂದು ಮಾತನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ: ಬರೀ ಪಾತ್ರೆ ಕೊಡಬಾರದು. ಹಿಡಿ ಅಕ್ಕಿಯೋ ಒಂದು ಅಚ್ಚು ಬೆಲ್ಲವೋ ಒಳಗಿರಲಿ.

ನಾನೂ ಆ ಕುಕ್ಕರ್ ವಾಪಸ್ ತಂದು, ಗ್ಯಾಸ್ಕೆಟ್, ವಿಷಲ್ ಹಾಕಿಸಿ, ಅಕ್ಕಿ ತುಂಬಿ ಎರಡನೇ ಸಲ ಕೊಟ್ಟೆ. ವಾರವಾದ ಮೇಲೆ ಸಂಜೆ ಹಾಲು ತರಲು ಇಳಿದರೆ ಅವರ ಮನೆಯಿಂದ ವಿಷಲ್ ಕೇಳಿಸಿತು. ಅದರ ದನಿ ನನಗೆ ಗೊತ್ತಾಯಿತು. ಬಾಗಿಲಲ್ಲೇ ನಿಂತೆ.

"ಅನ್ನ ಮುದ್ದೆ ಆಗ್ತಿದೆಯೇನಮ್ಮಾ?"

"ಇಲ್ವಲ್ಲಾ. ನೀವು ಎಷ್ಟು ಕೂಗಿಸ್ತಿದ್ರಿ ಅಕ್ಕಾ?"

"ನಾಲ್ಕು."

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಎರಡಕ್ಕೇ ಆರಿಸಿ ಅಕ್ಕಾ."