ಲೋಕ್-1 ಗೋಧಿಗೆ ತುಕ್ಕು ತಾಳುವ ಗುಣ ಕೂಡಿಸಿದ ನನ್ನ ಅನುಭವ

ತುಕ್ಕು ಗೋಧಿಯ ಎಲೆ, ಕಾಂಡಗಳ ಮೇಲೆ ಗುಳ್ಳೆ ಎಬ್ಬಿಸುವ ಶಿಲೀಂಧ್ರ ರೋಗ. ಎಲೆ ತುಕ್ಕನ್ನು ತಾಳುವ, ಪೈರು ಬಲಿತ ಮೇಲಷ್ಟೇ ಕೆಲಸ ಮಾಡುವ ಎಲ್‌ಆರ್34, ಎಲ್‌ಆರ್46, ಎಲ್‌ಆರ್68 ಜೀನ್‌ಗಳನ್ನು ಪರೂಲಾ ತಳಿಯಿಂದ ಲೋಕ್-1ಕ್ಕೆ ತರುತ್ತೇನೆಂದಾಗ ಧಾರವಾಡದ ಸಹೋದ್ಯೋಗಿಗಳು ಎತ್ತಿದ ಆಕ್ಷೇಪ ಒಂದೇ: ಸಸಿ ಹಂತದ ಪರೀಕ್ಷೆಯಲ್ಲಿ ಸೋಲುವ, ಹೊಲದಲ್ಲಿಯೂ ಅಷ್ಟಿಷ್ಟು ಗುಳ್ಳೆ ತೋರಿಸುವ ಸಾಲನ್ನು ನಿರೋಧಕವೆಂದು ಯಾರು ಒಪ್ಪುತ್ತಾರೆ? ರೈ ಧಾನ್ಯದಿಂದ ಗೋಧಿಗೆ ಬಂದ ಜೀನ್ ಎಸ್‌ಆರ್31 ದಶಕಗಳ ಕಾಲ ಕಾಂಡ ತುಕ್ಕನ್ನು ತಡೆದು ನಿಂತರೂ 1998ರಲ್ಲಿ ಉಗಾಂಡದಲ್ಲಿ ಕಾಣಿಸಿಕೊಂಡ ಉಗ್99 ಎಂಬ ಕಾಂಡ ತುಕ್ಕಿನ ಪ್ರಭೇದಕ್ಕೆ ಮಣಿಯಿತು. ಎಸ್‌ಆರ್31ಕ್ಕೇ ಅಂಟಿಕೊಂಡು ಬರುವ ಎಲೆ ತುಕ್ಕಿನ ಜೀನ್ ಎಲ್‌ಆರ್26 ನಮ್ಮ ದೇಶದಲ್ಲಿ ಅದಕ್ಕೂ ಮೊದಲೇ ಸೋತಿತ್ತು. ಎಲ್‌ಆರ್34 ಮಾತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿದ್ದು ಇಂದಿಗೂ ಉಳಿದಿದೆ. ಆದ್ದರಿಂದ ಗುಳ್ಳೆ ಪೂರ್ತಿ ಇಲ್ಲದಿರುವುದಕ್ಕಿಂತ ಗುಳ್ಳೆ ನಿಧಾನವಾಗಿ ಏರುವುದೇ ನನಗೆ ಮುಖ್ಯವೆನಿಸಿತು.

ಲೋಕ್-1ರ ದಪ್ಪ ಹೊಳಪಿನ ಕಾಳು ಕೆಡಬಾರದೆಂದು ಸಂಕರದ ಗಿಡಗಳನ್ನು ಮತ್ತೆ ಲೋಕ್-1ಕ್ಕೇ ಕೂಡಿಸುವ ಬ್ಯಾಕ್‌ಕ್ರಾಸನ್ನು ಒಮ್ಮೆ ಮಾಡಿ ಅಲ್ಲಿಗೇ ನಿಲ್ಲಿಸಿದೆ. ಮೊದಲ ಎರಡು ಹಿಂಗಾರು ವ್ಯರ್ಥವಾದವು. ಫೆಬ್ರುವರಿ ಬೇಗ ಬಿಸಿಯಾಗಿ, ರೋಗ ಹರಡಲೆಂದೇ ಬಿತ್ತಿದ್ದ, ತುಕ್ಕಿಗೆ ಸುಲಭವಾಗಿ ತುತ್ತಾಗುವ ಆಗ್ರಾ ಲೋಕಲ್ ತಳಿಯ ಸಾಲುಗಳಲ್ಲೇ ತುಕ್ಕು ಸರಿಯಾಗಿ ಏರಲಿಲ್ಲ. ಜೊತೆಗೆ, ಈ ಜೀನ್‌ಗಳ ಗುರುತಾದ ಎಲೆ ತುದಿಯ ಒಣಗುವಿಕೆಗೂ ನೀರಿನ ಕೊರತೆಯಿಂದ ಬರುವ ಒಣಗುವಿಕೆಗೂ ವ್ಯತ್ಯಾಸ ತಿಳಿಯದಂತಾಯಿತು. ಸುಮಾರು ಮೂರು ಸಾವಿರ ಗಿಡಗಳ ಆಯ್ಕೆ ಹೀಗೆ ಹಾಳಾಯಿತು. ಆಗ ಹಣ ಕೊಡುತ್ತಿದ್ದ ಸಂಸ್ಥೆಯೂ ಕೈ ಬಿಟ್ಟಿತು. ಮುಂದಿನ ವರ್ಷದ ಕೂಲಿಯನ್ನೂ, ಬೇಸಿಗೆಯಲ್ಲಿ ಇನ್ನೊಂದು ಪೀಳಿಗೆ ಬೆಳೆಸಿಕೊಳ್ಳಲು ನೀಲಗಿರಿಯ ವೆಲಿಂಗ್ಟನ್‌ಗೆ ಬೀಜ ಒಯ್ಯುವ ಖರ್ಚನ್ನೂ ಸೇರಿಸಿ ನಲವತ್ತು ಸಾವಿರ ರೂಪಾಯಿಯಷ್ಟನ್ನು ನಾನೇ ಭರಿಸಿದೆ. ವರ್ಷವಿಡೀ ತುಕ್ಕು ಬದುಕುಳಿಯುವ ಆ ಗುಡ್ಡಗಳಲ್ಲಿ ಒಂದು ಬೇಸಿಗೆ ಬೆಳೆ ನೋಡಿದ್ದರಿಂದ ಸಿಕ್ಕ ತಿಳಿವಳಿಕೆಗೆ ಹೋಲಿಸಿದರೆ ಅದು ದುಬಾರಿಯಲ್ಲ.

ಮೂರನೆಯ ಹಿಂಗಾರಿನಿಂದ ಬಿತ್ತನೆಯನ್ನು ಮೂರು ವಾರ ತಡಮಾಡಿದೆ. ಸಂಜೆ ಹೊತ್ತು ತುಂತುರು ನೀರು ಕೊಟ್ಟು, 77-5 ಎಂಬ ಎಲೆ ತುಕ್ಕಿನ ಪ್ರಭೇದದ ಬೀಜಕಗಳನ್ನು, ಅವು ಚೆನ್ನಾಗಿ ಹರಡಲೆಂದು ಟ್ವೀನ್-20 ದ್ರವ ಬೆರೆಸಿದ ನೀರಿನಲ್ಲಿ ಸಿಂಪಡಿಸಿ, ತೆನೆ ಬಂದ ಮೇಲೆ ತೆನೆಯ ಕೆಳಗಿನ ಕೊನೆಯ ಎಲೆಯಾದ ಧ್ವಜ ಎಲೆಯ ತುದಿಯನ್ನು ನೋಡಿಯೇ ಗಿಡ ಆರಿಸಿದೆ. ನೀರಿನ ಹದವನ್ನು ಯಾವ ಹಂತದಲ್ಲಿ ಬದಲಿಸಿದರೆ ಜೀನ್‌ನಿಂದ ಒಣಗುವ ತುದಿ ಪ್ರತ್ಯೇಕವಾಗಿ ಎದ್ದು ಕಾಣುತ್ತದೆಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನಾಲ್ಕು ವರ್ಷ ದುಡಿದು ಗಳಿಸಿದ್ದು. ಜೀನ್ ಇದೆಯೇ ಎಂದು ಡಿಎನ್‌ಎಯಲ್ಲಿ ನೋಡುವ ಮಾರ್ಕರ್ ಪರೀಕ್ಷೆಗೆ ಗಿಡವೊಂದಕ್ಕೆ ನೂರೈವತ್ತು ರೂಪಾಯಿಯಾದರೂ ತಗಲುತ್ತಿದ್ದುದರಿಂದ ಮೊದಲ ಪೀಳಿಗೆಗಳಲ್ಲಿ ಅದನ್ನು ಮುಟ್ಟಲಿಲ್ಲ. ಕೊನೆಗುಳಿದ ಐವತ್ತು–ಅರವತ್ತು ಸಾಲುಗಳಿಗಷ್ಟೇ ಸಿಎಸ್‌ಎಲ್‌ವಿ34 ಎಂಬ ಮಾರ್ಕರ್ ಓಡಿಸಿದಾಗ ಹತ್ತರಲ್ಲಿ ಒಂಬತ್ತರಷ್ಟು ಸಾಲುಗಳು ಎಲ್‌ಆರ್34ರ 150 ಬೇಸ್ ಜೋಡಿಯ ಪಟ್ಟಿಯನ್ನು ತೋರಿಸಿದವು. ಕಣ್ಣಿನ ಆಯ್ಕೆಯನ್ನು ನಂಬದವರಿಗೆ ಜೆಲ್‌ನ ಆ ಚಿತ್ರವನ್ನು ನಾನು ಸಂತೋಷದಿಂದಲೇ ತೋರಿಸಿದೆ.

ನಡುವೆ ಎಮ್ಮರ್ ಕುಲದ ನಮ್ಮ ಕಪ್ಲಿ ಗೋಧಿಯನ್ನೂ ಲೋಕ್-1ರ ಜೊತೆ ಸಂಕರಿಸಿ ನೋಡಿದೆ. ಕಪ್ಲಿಯಲ್ಲಿ ಕಾಂಡ ತುಕ್ಕಿನ ಎಸ್‌ಆರ್13 ಮತ್ತು ಎಸ್‌ಆರ್14 ಇವೆ. ಅಮೆರಿಕದ ಮ್ಯಾಕ್‌ಫ್ಯಾಡೆನ್ ಯಾರೋಸ್ಲಾವ್ ಎಂಬ ಇದೇ ಕುಲದ ಗೋಧಿಯಿಂದ ಎಸ್‌ಆರ್2ನ್ನು ಹೊರತಂದು ಹೋಪ್ ತಳಿ ಕಟ್ಟಿದ್ದು ನನಗೆ ಧೈರ್ಯ ಕೊಟ್ಟಿತ್ತು. ಮೊದಲ ಪೀಳಿಗೆಯ ಗಿಡಗಳು ಸೊಂಪಾಗಿ ಬೆಳೆದವು, ಆದರೆ ಎಲ್ಲವೂ ಜೋಡಿಯಾಗದ 35 ವರ್ಣತಂತುಗಳ ಆ ಗಿಡಗಳ ತೆನೆ ಬಹುಪಾಲು ಜೊಳ್ಳಾಯಿತು. ಸಿಕ್ಕ ಹಿಡಿಯಷ್ಟು ಮುರುಟಿದ ಕಾಳುಗಳನ್ನು ಮತ್ತೆ ಲೋಕ್-1ಕ್ಕೆ ಕೂಡಿಸಿದ್ದೇನೆ. ಆ ಕೆಲಸ ನಿಧಾನವಾಗಿ ಸಾಗಿದೆ.

ಕಳೆದ ಹಿಂಗಾರಿನಲ್ಲಿ ಲೋಕ್-1ರಲ್ಲಿ ಎಲೆ ತುಕ್ಕು 80ಎಸ್ (ಶೇ 80ರಷ್ಟು ತೀವ್ರತೆ, ಪೂರ್ತಿ ತುತ್ತಾಗುವ ಬಗೆ) ದಾಟಿದ ಹೊಲದಲ್ಲೇ ನನ್ನ ಉತ್ತಮ ಸಾಲುಗಳು 10ಎಂಎಸ್ (ಶೇ 10ರಷ್ಟು, ಮಧ್ಯಮವಾಗಿ ತುತ್ತಾಗುವ ಬಗೆ) ಆಸುಪಾಸಿನಲ್ಲಿ ನಿಂತವು, ಸಾವಿರ ಕಾಳಿನ ತೂಕವೂ ಎರಡು ಮೂರು ಗ್ರಾಂನಷ್ಟು ಹೆಚ್ಚು ಬಂತು. ಆಕ್ಷೇಪಿಸಿದವರಲ್ಲಿ ಇಬ್ಬರು ಈಗ ಬೀಜ ಕೇಳಿದ್ದಾರೆ, ಕೊಟ್ಟಿದ್ದೇನೆ. ಕಾಂಡ ತುಕ್ಕಿಗೆ ಈ ಸಾಲುಗಳು ಇನ್ನೂ ಸಾಲವು. ಅದಕ್ಕಾಗಿ ಹೋಪ್ ಮೂಲದ ಎಸ್‌ಆರ್2ನ್ನು ಸೇರಿಸಿ, ತೆನೆಯ ಹೊಟ್ಟು ಕಪ್ಪಾಗುವ ಗುರುತನ್ನು ಹಿಡಿದು ಆಯ್ಕೆ ಆರಂಭಿಸಿದ್ದೇನೆ.